ಹಾವು ನಿಮ್ದು, ಗಲೀಜು ಯಾರ್ದು?

1/9

ಮೊದಲೇ ಹೇಳ್ಬಿಡ್ತೀನಿ. ಇದು "ಹಾವು ಸಾಕೋದು ಹೇಗೆ" ಅನ್ನೋ ಸೀರೀಸ್ ಅಲ್ಲ. ಹಾವು ತಂದು, ರೀಲ್ ಹಾಕಿ, ಟ್ಯಾಂಕ್ ಮಾತ್ರ ತೊಳೆಯದೇ ಇರೋರ ಜೊತೆ ಜಗಳಕ್ಕೆ ಬಂದಿರೋ ಸೀರೀಸ್. ಒಟ್ಟು 9 ಪೋಸ್ಟ್. ಓದಿ ಬೈಬೇಕು ಅನ್ನಿಸಿದ್ರೆ ಧಾರಾಳವಾಗಿ ಬೈರಿ, ಆದ್ರೆ 9ನೇದು ಮುಗಿಸಿ ಬೈರಿ.

ನಿಮ್ಮ ಫೀಡಲ್ಲೂ ಬಂದಿರುತ್ತೆ. ಕೊರಳಲ್ಲಿ ಬಾಲ್ ಪೈಥಾನ್, ಹಿಂದೆ ಮಾಸ್ ಬಿಜಿಎಂ, ಸ್ಲೋ ಮೋಷನ್. ಕಾಮೆಂಟಲ್ಲಿ ಬೆಂಕಿ ಎಮೋಜಿ ಸಾಲು. ನಾನು ಆ ರೀಲಲ್ಲಿ ಹಾವು ನೋಡಲ್ಲ, ಹಿಂದೆ ಇರೋ ಟ್ಯಾಂಕ್ ನೋಡ್ತೀನಿ. ಗಾಜಿನ ಮೇಲೆ ಒಣಗಿದ ಬಿಳಿ ಕಲೆ. ನೀರಿನ ಬಟ್ಟಲ ಅಂಚಲ್ಲಿ ಲೋಳೆ. ಮೂಲೇಲಿ ಯಾವಾಗಲೋ ಬಿಟ್ಟ ಪೊರೆ ಹಾಗೇ ಬಿದ್ದಿದೆ. ಕೆಳಗೆ ಹಾಸಿರೋ ಕೋಕೋಪೀಟ್ ಕಪ್ಪಗೆ ಒದ್ದೆ.

ಅದರ ಬಗ್ಗೆ ಯಾರೂ ಕೇಳಲ್ಲ. ಅಪ್ಪಿತಪ್ಪಿ ಕೇಳಿದ್ರೆ ಬರೋ ಉತ್ತರ ಒಂದೇ: "ವಾರಕ್ಕೊಂದ್ಸಲ ಫಿನಾಯಿಲ್ ಹಾಕಿ ಒರೆಸ್ತೀನಿ ಬ್ರೋ, ಫುಲ್ ಕ್ಲೀನ್."

ಈ ಒಂದು ಸಾಲಿಗೋಸ್ಕರಾನೇ ಈ 9 ಪೋಸ್ಟ್. ಯಾಕಂದ್ರೆ ಈ ಸಾಲಲ್ಲಿ ಮೂರು ತಪ್ಪಿದೆ. ವಾರಕ್ಕೊಂದ್ಸಲ ಅನ್ನೋದು ತಪ್ಪು. ಫಿನಾಯಿಲ್ ಅನ್ನೋದು ದೊಡ್ಡ ತಪ್ಪು. ಫುಲ್ ಕ್ಲೀನ್ ಅನ್ನೋದು ಶುದ್ಧ ಸುಳ್ಳು.

"ನೀನ್ಯಾರು ಹೇಳೋಕೆ?" ನ್ಯಾಯವಾದ ಪ್ರಶ್ನೆ. ನಾನು ವೆಟ್ ಅಲ್ಲ, ಬಿಕಾಂ ಓದ್ತಿರೋಳು. ನಮ್ಮ ದೊಡ್ಡಪ್ಪನ ಮಗ ಬೆಂಗಳೂರಲ್ಲಿ ಒಂದು ಬಾಲ್ ಪೈಥಾನ್ ಸಾಕಿದ್ದಾನೆ. ಅಣ್ಣ ಊರಲ್ಲಿ ಇಲ್ಲದಾಗೆಲ್ಲ ಅದರ ಟ್ಯಾಂಕ್ ನೋಡ್ಕೊಳ್ಳೋದು, ತೊಳೆಯೋದು ನಾನು. ಹಾವನ್ನ ಕೊರಳಿಗೆ ಹಾಕ್ಕೊಂಡು ನಾನು ಒಂದು ಫೋಟೋನೂ ತೆಗೆಸಿಲ್ಲ. ಅದರ ಕಕ್ಕ ಮಾತ್ರ ಬೇಕಾದಷ್ಟು ಎತ್ತಿದ್ದೀನಿ. ಆ ಅರ್ಹತೆ ಸಾಕು ಅನ್ಕೋತೀನಿ.

2/9

ಮುಂದೆ ಹೋಗೋಕೆ ಮುಂಚೆ ಒಂದು ಗೆರೆ ಎಳೆದುಬಿಡೋಣ.

ನಾಗರಹಾವು, ಕೇರೆಹಾವು, ನಮ್ಮ ಕಾಡಿನ ಹೆಬ್ಬಾವು, ಇವನ್ನೆಲ್ಲ ಹಿಡಿದು ಮನೇಲಿ ಇಟ್ಕೊಳ್ಳೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಟ್ಯಾಂಕ್ ಕನ್ನಡಿ ಥರ ಹೊಳೀತಿದ್ರೂ ಅಪರಾಧಾನೇ. ಅಂಥವರಿಗೆ ಇಲ್ಲಿ ಟಿಪ್ಸ್ ಇಲ್ಲ. ಅರಣ್ಯ ಇಲಾಖೆಗೆ ಒಪ್ಪಿಸಿ, ಅಷ್ಟೇ. ಬಾಲ್ ಪೈಥಾನ್ ಥರದ ವಿದೇಶಿ ಹಾವಾದ್ರೆ, 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಾಯಿಸಿರಬೇಕು. ಅಂಗಡಿಯವರು "ಪೇಪರ್ ಎಲ್ಲ ಆಮೇಲೆ" ಅಂದ್ರೆ ಚಪ್ಪಲಿ ಹಾಕ್ಕೊಂಡು ವಾಪಸ್ ಬನ್ನಿ.

ಈಗ ವಿಷಯಕ್ಕೆ.

ಎಲ್ಲರೂ ಕೇಳೋ ಪ್ರಶ್ನೆ: "ಕಾಡಲ್ಲಿ ಹಾವಿನ ಬಿಲ ಯಾರು ಹೋಗಿ ತೊಳೀತಾರೆ?"

ಯಾರೂ ತೊಳೆಯಲ್ಲ. ತೊಳೆಯೋ ಅಗತ್ಯಾನೇ ಇಲ್ಲ. ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಾವು. ಅಲ್ಲಿ ಇಲಿ ಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ಅವಿತಿರುತ್ತೆ. ಜಾಗ ಸರಿ ಇಲ್ಲ ಅನ್ನಿಸಿದ್ರೆ ಬೇರೆ ಕಡೆ ಹೋಗುತ್ತೆ. ಬಿಟ್ಟುಹೋದ ಗಲೀಜನ್ನ ಬಿಸಿಲು, ಮಳೆ, ಮಣ್ಣು, ಹುಳ ನೋಡ್ಕೋತವೆ.

ನಿಮ್ಮ ರೂಮಲ್ಲಿ ಅದಕ್ಕೆ ಇರೋದು ಒಂದು ಗಾಜಿನ ಪೆಟ್ಟಿಗೆ. ಹೋಗೋಕೆ ಜಾಗ ಇಲ್ಲ. ಹೇತ ಜಾಗದ ಪಕ್ಕದಲ್ಲೇ ಮಲಗಬೇಕು, ಅದೇ ಗಾಳಿ ಉಸಿರಾಡಬೇಕು, ಅದೇ ಬಟ್ಟಲ ನೀರು ಕುಡೀಬೇಕು. ಹಾಸ್ಟೆಲ್ ಬಾತ್‌ರೂಮ್ ಎರಡು ದಿನ ಗಲೀಜಿದ್ರೆ ನಾವು ವಾರ್ಡನ್ ರೂಮ್ ಮುಂದೆ ಗಲಾಟೆ ಮಾಡ್ತೀವಿ. ಹಾವಿಗೆ ವಾರ್ಡನ್ ಇಲ್ಲ ಗುರು. ಇರೋದು ನೀವೊಬ್ಬರೇ.

ಏನಾಗುತ್ತೆ ಅಂತ ಕೇಳಿ. ಹಾವಿನ ಉಚ್ಚೆ ನಮ್ಮದರ ಥರ ನೀರಲ್ಲ. ಬಿಳೀ ಸುಣ್ಣದ ಉಂಡೆ ಥರ ಬರುತ್ತೆ, ಹೆಚ್ಚಿನ ಪಾಲು ಯೂರಿಕ್ ಆಸಿಡ್. ಅದನ್ನ ಅಲ್ಲೇ ಕೊಳೆಯೋಕೆ ಬಿಟ್ರೆ ಬ್ಯಾಕ್ಟೀರಿಯಾ ಸೇರ್ಕೊಂಡು ಅಮೋನಿಯಾ ಮಾಡುತ್ತೆ. ಮುಚ್ಚಿದ ಪೆಟ್ಟಿಗೇಲಿ ಅದು ನೇರ ಶ್ವಾಸಕೋಶಕ್ಕೆ ಹೋಗಿ ಉರಿ ತರುತ್ತೆ. ಒದ್ದೆ ಗಲೀಜಿನ ಮೇಲೆ ಹೊಟ್ಟೆ ಊರಿ ಮಲಗಿದ್ರೆ ಹೊಟ್ಟೆ ಕಡೆ ಸ್ಕೇಲ್ ಕಂದು ಬಣ್ಣಕ್ಕೆ ತಿರುಗಿ, ಗುಳ್ಳೆ ಎದ್ದು, ಚರ್ಮ ಕೊಳೆಯೋಕೆ ಶುರುವಾಗುತ್ತೆ. ಇದಕ್ಕೇ ಸ್ಕೇಲ್ ರಾಟ್ ಅನ್ನೋದು. ರೀಲಲ್ಲಿ ಬರೀ ಬೆನ್ನು ಕಾಣುತ್ತೆ. ಹೊಟ್ಟೆ ತಿರುಗಿಸಿ ತೋರಿಸಿ ನೋಡೋಣ.

3/9

ಈಗ ಫಿನಾಯಿಲ್ ವಿಷಯ.

ನಮಗೆ ಕ್ಲೀನ್ ಅಂದ್ರೆ ಒಂದು ವಾಸನೆ. ಬಸ್ ಸ್ಟ್ಯಾಂಡ್ ಶೌಚಾಲಯ, ಸರ್ಕಾರಿ ಆಸ್ಪತ್ರೆ ಕಾರಿಡಾರ್, ಹಬ್ಬದ ಹಿಂದಿನ ದಿನದ ಮನೆ, ಎಲ್ಲಾ ಕಡೆ ಆ ವಾಸನೆ ಬಂದ್ರೆ "ಹಾಂ, ಕ್ಲೀನಾಗಿದೆ" ಅಂತ ಮನಸ್ಸಿಗೆ ಸಮಾಧಾನ. ಅದೇ ಸಮಾಧಾನವನ್ನ ಹಾವಿನ ಟ್ಯಾಂಕಿಗೂ ಸುರೀತೀವಿ.

ಕಪ್ಪು ಫಿನಾಯಿಲ್‌ನಲ್ಲಿ ಇರೋದು ಫೀನಾಲ್ ಜಾತಿಯ ರಾಸಾಯನಿಕ. ಬಿಳಿ ಫಿನಾಯಿಲ್ ಸಾಮಾನ್ಯವಾಗಿ ಪೈನ್ ಎಣ್ಣೆಯಿಂದ ಮಾಡಿದ್ದು. ಡೆಟಾಲ್ ಆಂಟಿಸೆಪ್ಟಿಕ್ ಬಾಟಲಿಯ ಲೇಬಲ್ ಓದಿ: ಕ್ಲೋರೋಕ್ಸೈಲೆನಾಲ್, ಅದೂ ಫೀನಾಲ್ ಮನೆತನದ್ದೇ. ಮನುಷ್ಯರ ಗಾಯಕ್ಕೆ ಮಾಡಿದ ವಸ್ತು ಅದು, ಅಲ್ಲಿಗೆ ಸರಿ. ಹಾವಿಗಲ್ಲ. ಸರೀಸೃಪಗಳಿಗೆ ಫೀನಾಲ್ ಮತ್ತು ಪೈನ್ ಎಣ್ಣೆ ಎರಡೂ ವಿಷ. ಚರ್ಮದಿಂದಲೂ ಒಳಗೆ ಹೋಗುತ್ತೆ, ಉಸಿರಿನಿಂದಲೂ ಹೋಗುತ್ತೆ. ಮನೇಲಿ ಬೆಕ್ಕಿರೋರು ಕೂಡ ಇದನ್ನ ನೆನಪಿಟ್ಕೊಳ್ಳಿ, ಬೆಕ್ಕಿಗೂ ಫೀನಾಲ್ ಆಗಲ್ಲ.

ನಾವು ನೆಲ ಒರೆಸಿ, ಫ್ಯಾನ್ ಹಾಕಿ, ಆಚೆ ಹೋಗಿ ಕಾಫಿ ಕುಡೀತೀವಿ. ಹಾವು ಆ ನೆಲದ ಮೇಲೇ ಹೊಟ್ಟೆ ಊರಿ ತೆವಳುತ್ತೆ. ಅದರ ಮೂಗು ನೆಲದಿಂದ ಒಂದು ಇಂಚು ಮೇಲೆ. ಅದಕ್ಕೆ ನಮ್ಮ ಥರ ವಪೆ ಇಲ್ಲ, ಜೋರಾಗಿ ಕೆಮ್ಮಿ ಕಫ ಹೊರಗೆ ಹಾಕೋಕೂ ಆಗಲ್ಲ. ಒಳಗೆ ಹೋಗಿದ್ದು ಒಳಗೇ ಕೂರುತ್ತೆ. ಇನ್ನು ನಾಲಿಗೆ: ಹಾವು ನಾಲಿಗೆ ಹೊರಗೆ ಚಾಚೋದು ಸ್ಟೈಲಿಗಲ್ಲ. ಗಾಳಿಯಲ್ಲಿರೋ ವಾಸನೆಯ ಕಣಗಳನ್ನ ಹಿಡಿದು ಅಂಗುಳಲ್ಲಿರೋ ಜೇಕಬ್‌ಸನ್ ಅಂಗಕ್ಕೆ ತಲುಪಿಸೋಕೆ. ಅಂದ್ರೆ ನಿಮ್ಮ ಫಿನಾಯಿಲನ್ನ ಅದು ಬರೀ ಮೂಸಲ್ಲ, ನಾಲಿಗೆಯಲ್ಲಿ ಎತ್ತಿ ಬಾಯೊಳಗೆ ಹಾಕ್ಕೊಳ್ಳುತ್ತೆ.

ಇದೇ ಲಿಸ್ಟಿಗೆ ಇನ್ನೂ ಕೆಲವು: ಟ್ಯಾಂಕ್ ಪಕ್ಕ ಅಗರಬತ್ತಿ, ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ, ರೂಮ್ ಸ್ಪ್ರೇ, ನುಸಿಗುಳಿಗೆ. ಯಾವುದೂ ಬೇಡ.

ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೆಯೋರನ್ನ ನೋಡಿ "ಹಾವು ಹಾಲು ಕುಡಿಯಲ್ಲ, ಅಷ್ಟೂ ಗೊತ್ತಿಲ್ವಾ" ಅಂತ ಸ್ಟೋರಿ ಹಾಕೋರು ನಾವೇ. ನಮ್ಮ ಫಿನಾಯಿಲ್ ಏನು ಮತ್ತೆ? ಅಲ್ಲಿ ಭಕ್ತಿಯ ಸಮಾಧಾನ, ಇಲ್ಲಿ ವಾಸನೆಯ ಸಮಾಧಾನ. ಎರಡರಲ್ಲೂ ಹಾವನ್ನ ಯಾರೂ ಕೇಳಿಲ್ಲ.

4/9

"ಸರಿ, ಫಿನಾಯಿಲ್ ಬೇಡ. ಯಾವ ಲಿಕ್ವಿಡ್ ತಗೊಳ್ಳಲಿ ಹೇಳು."

ನೋಡಿ, ಇಲ್ಲೇ ಮತ್ತೆ ಎಡವ್ತೀರ. ಮೊದಲು ಲಿಕ್ವಿಡ್ ಕೇಳ್ತೀರ.

ತೊಳೆಯೋದು ಬೇರೆ, ಸೋಂಕು ತೆಗೆಯೋದು ಬೇರೆ. ಅಮ್ಮ ಬೆಳಿಗ್ಗೆ ಬಾಗಿಲ ಮುಂದೆ ಏನ್ ಮಾಡ್ತಾರೆ? ಗುಡಿಸ್ತಾರೆ, ನೀರು ಹಾಕಿ ಸಾರಿಸ್ತಾರೆ, ಆಮೇಲೆ ರಂಗೋಲಿ. ಕಸದ ಮೇಲೆ ರಂಗೋಲಿ ಹಾಕಿದ್ರೆ ಏನಾಗುತ್ತೆ? ನೀವು ಟ್ಯಾಂಕಲ್ಲಿ ಮಾಡ್ತಿರೋದು ಅದನ್ನೇ.

ಇದರ ಹಿಂದೆ ಕೆಮಿಸ್ಟ್ರಿ ಇದೆ. ಬ್ಲೀಚ್ ಆಗ್ಲಿ ಇನ್ನೊಂದಾಗ್ಲಿ, ಸೋಂಕುನಾಶಕ ಕೆಲಸ ಮಾಡೋದು ಕೀಟಾಣು ಅದರ ಕೈಗೆ ಸಿಕ್ಕಿದ್ರೆ ಮಾತ್ರ. ಮೇಲೆ ಮಲದ ಪದರ, ಕೊಬ್ಬು, ಲೋಳೆ ಇದ್ರೆ ಸೋಂಕುನಾಶಕ ಆ ಗಲೀಜಿನ ಜೊತೇನೇ ರಿಯಾಕ್ಟ್ ಆಗಿ ಖಾಲಿಯಾಗುತ್ತೆ. ಕೆಳಗಿರೋ ಬ್ಯಾಕ್ಟೀರಿಯಾ ಆರಾಮಾಗಿ ಇರುತ್ತೆ. ನೀರಿನ ಬಟ್ಟಲ ಒಳಗೆ ಬೆರಳಾಡಿಸಿದಾಗ ಜಾರುತ್ತಲ್ಲ ಲೋಳೆ, ಅದು ಬ್ಯಾಕ್ಟೀರಿಯಾ ತಮಗೆ ತಾವೇ ಕಟ್ಕೊಂಡಿರೋ ಕೋಟೆ. ಬಯೋಫಿಲ್ಮ್ ಅಂತಾರೆ. ನೀರು ಚೆಲ್ಲಿ ಹೊಸ ನೀರು ತುಂಬಿದ್ರೆ ಕೋಟೆ ಹಾಗೇ ಇರುತ್ತೆ. ಸೋಪು ಹಾಕಿ, ಬ್ರಷ್ಷಲ್ಲಿ ತಿಕ್ಕಿದ್ರೆ ಮಾತ್ರ ಒಡೆಯುತ್ತೆ.

ಹಾಗಾಗಿ ನೂರಕ್ಕೆ ತೊಂಬತ್ತು ಪಾಲು ಕೆಲಸ ಮಾಡೋದು ಯಾವ ಬಾಟಲಿಯೂ ಅಲ್ಲ, ನಿಮ್ಮ ಮೊಣಕೈ. ಇದನ್ನ ಯಾರೂ ಹೇಳಲ್ಲ, ಯಾಕಂದ್ರೆ ಮೊಣಕೈಗೆ ಬ್ರ್ಯಾಂಡ್ ಇಲ್ಲ, ಅಫಿಲಿಯೇಟ್ ಲಿಂಕ್ ಇಲ್ಲ.

ಒಂದು ಪೆಟ್ ಅಂಗಡೀಲಿ ನಾನೇ ನಿಂತು ಕೇಳಿದ್ದೀನಿ. ಹೊಸದಾಗಿ ಹಾವು ತಗೊಳ್ಳೋಕೆ ಬಂದ ಹುಡುಗ "ಕ್ಲೀನಿಂಗ್ ಹೇಗೆ ಅಣ್ಣಾ" ಅಂದ. ಬಂದ ಉತ್ತರ: "ಏನಿಲ್ಲ, ಇದನ್ನ ಸ್ಪ್ರೇ ಮಾಡಿ ಬಟ್ಟೇಲಿ ಒರೆಸ್ಬಿಡಿ, ಮೇಂಟೆನೆನ್ಸೇ ಇಲ್ಲ." ಹುಡುಗ ಖುಷಿಯಾಗಿ ಹಾವನ್ನೂ ಸ್ಪ್ರೇನೂ ಎತ್ಕೊಂಡು ಹೋದ. ಮೇಂಟೆನೆನ್ಸೇ ಇಲ್ಲದ ಜೀವ ಯಾವುದಿದೆ ಹೇಳಿ ಪ್ರಪಂಚದಲ್ಲಿ? ಮನಿ ಪ್ಲಾಂಟಿಗೂ ನೀರು ಬದಲಾಯಿಸ್ಬೇಕು.

5/9

ಇದನ್ನ ಸೇವ್ ಮಾಡ್ಕೊಳ್ಳಿ. ಬೈಗುಳ ಇಷ್ಟ ಆಗದಿದ್ರೂ ಪರವಾಗಿಲ್ಲ, ಇದು ಬೇಕಾಗುತ್ತೆ.

ದಿನಾ: ಟ್ಯಾಂಕ್ ಒಳಗೆ ಕಣ್ಣು ಹಾಯಿಸಿ. ಮಲ, ಬಿಳಿ ಉಂಡೆ, ಪೊರೆ ಏನೇ ಕಂಡ್ರೂ ಆವತ್ತೇ ಎತ್ತಿ. ಅದರ ಸುತ್ತ ಒದ್ದೆಯಾದ ಕೋಕೋಪೀಟ್ ಕೂಡ ಸೇರಿಸಿ ತೆಗೀರಿ. ಬಾಲ್ ಪೈಥಾನ್ ದಿನಾ ಹೇಲಲ್ಲ, ಕೆಲವು ಸಲ ವಾರಗಟ್ಟಲೆ ಬಿಟ್ಟು ಮಾಡುತ್ತೆ. "ವಾರಕ್ಕೊಂದ್ಸಲ" ಅನ್ನೋ ಟೈಮ್‌ಟೇಬಲ್ ನಿಮ್ಮದು, ಹಾವಿನದ್ದಲ್ಲ. ನೀರಿನ ಬಟ್ಟಲನ್ನ ಸೋಪು ಹಾಕಿ ತಿಕ್ಕಿ, ಚೆನ್ನಾಗಿ ಜಾಲಿಸಿ, ಹೊಸ ನೀರು.

ಹೆಚ್ಚೂಕಡಿಮೆ ತಿಂಗಳಿಗೊಮ್ಮೆ ಪೂರ್ತಿ ಕ್ಲೀನಿಂಗ್. ಕೆಳಗೆ ಪೇಪರ್ ಹಾಸಿದ್ರೆ ಗಲೀಜಾದಾಗೆಲ್ಲ ಪೇಪರ್ ಬದಲು.

ಕ್ರಮ ಹೀಗೆ:

ಒಂದು. ಹಾವಿಗೆ ಊಟ ಹಾಕಿ 48 ಗಂಟೆ ಆಗಿಲ್ಲ ಅಂದ್ರೆ ಮುಟ್ಟಬೇಡಿ. ತಿಂದದ್ದನ್ನ ಕಕ್ಕಿಬಿಡಬಹುದು.

ಎರಡು. ಗಾಳಿ ತೂತಿರೋ, ಮುಚ್ಚಳ ಬಿಗಿಯಾಗಿ ಲಾಕ್ ಆಗೋ ಪ್ಲಾಸ್ಟಿಕ್ ಡಬ್ಬಕ್ಕೆ ಹಾವನ್ನ ಬಿಡಿ. ಒಳಗೊಂದು ಬಟ್ಟೆ. ಡಬ್ಬ ಬಿಸಿಲಲ್ಲಿ ಇಡಬೇಡಿ.

ಮೂರು. ಹೀಟ್ ಮ್ಯಾಟ್, ಲೈಟು, ಎಲ್ಲದರ ಪ್ಲಗ್ ಕೀಳಿ. ನೀರು ಮತ್ತು ಕರೆಂಟ್ ಬಗ್ಗೆ ನಾನು ಹೇಳ್ಬೇಕಾ?

ನಾಲ್ಕು. ಹಳೇ ಕೋಕೋಪೀಟ್ ಪೂರ್ತಿ ಕವರಿಗೆ ಹಾಕಿ ಬಾಯಿ ಕಟ್ಟಿ. ಗಿಡದ ಕುಂಡಕ್ಕೆ ಹಾಕೋ ಐಡಿಯಾ ಬೇಡ.

ಐದು. ಒಣಗಿ ಅಂಟಿರೋ ಕಲೆ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಹಾಕಿಡಿ. ಮೆತ್ತಗಾದ ಮೇಲೆ ಹಳೇ ಪ್ಲಾಸ್ಟಿಕ್ ಕಾರ್ಡಲ್ಲಿ ಕೆರೀರಿ. ಗಾಜಿಗೆ ಕುದಿಯೋ ನೀರು ಹಾಕಿದ್ರೆ ಬಿರುಕು ಬಿಡುತ್ತೆ, ಹುಷಾರು.

ಆರು. ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಮೂಲೆ, ಅಂಚು, ಬಾಗಿಲ ಹಳಿ ಎಲ್ಲ ತಿಕ್ಕಿ. ಹಳಿಗೆ ಹಳೇ ಟೂತ್‌ಬ್ರಷ್. ಜಾಲಿಸಿ.

ಏಳು. ಈಗ, ಈಗ ಮಾತ್ರ, ಸೋಂಕುನಾಶಕ. (ಮುಂದಿನ ಪೋಸ್ಟ್.)

ಎಂಟು. ಮತ್ತೆ ಸಾದಾ ನೀರಲ್ಲಿ ಜಾಲಿಸಿ, ವಾಸನೆ ಒಂಚೂರೂ ಉಳಿಯದ ಹಾಗೆ. ಪೂರ್ತಿ ಒಣಗಿಸಿ. ಬಿಸಿಲಿದ್ರೆ ಬಿಸಿಲಿಗಿಡಿ, ಅದಕ್ಕಿಂತ ಒಳ್ಳೇದಿಲ್ಲ.

ಒಂಬತ್ತು. ಹೊಸ ಹಾಸು, ಸಾಮಾನು, ಹೀಟ್ ಆನ್. ಬಿಸಿ ಸರಿಯಾಗಿದೆ ಅಂತ ಥರ್ಮಾಮೀಟರ್ ಹೇಳಿದ ಮೇಲೆ ಹಾವು ವಾಪಸ್.

ಎರಡು ಗಂಟೆ ಹಿಡಿಯುತ್ತೆ. ರೀಲ್ ಎಡಿಟ್ ಮಾಡೋಕೆ ಹಿಡಿಯೋದಕ್ಕಿಂತ ಕಮ್ಮಿ.

6/9

ಸೋಂಕುನಾಶಕ. ಮನೇಲಿ ಮಾಡೋಕಾಗೋ ಎರಡು ದಾರಿ ಹೇಳ್ತೀನಿ.

ಬ್ಲೀಚ್. ಬಟ್ಟೆಗೆ ಹಾಕೋ ಸಾದಾ ಲಿಕ್ವಿಡ್ ಬ್ಲೀಚ್, ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್. ಪರಿಮಳ ಸೇರಿಸಿದ್ದು ಬೇಡ. ಲೇಬಲಲ್ಲಿ 5% ಅಂತಿದ್ರೆ 100 ಎಂಎಲ್ ಬ್ಲೀಚಿಗೆ 900 ಎಂಎಲ್ ನೀರು. ಸುಮಾರು 0.5% ಆಗುತ್ತೆ. ಹಚ್ಚಿ 10 ನಿಮಿಷ ಒದ್ದೆಯಾಗೇ ಬಿಡಿ, ಆಮೇಲೆ ಚೆನ್ನಾಗಿ ತೊಳೀರಿ. ಆವತ್ತಿಗೆ ಬೇಕಾದಷ್ಟು ಆವತ್ತೇ ಬೆರೆಸಿ. ಬೆರೆಸಿಟ್ಟದ್ದು, ಬಿಸಿಲಲ್ಲಿ ಇಟ್ಟದ್ದು ಶಕ್ತಿ ಕಳ್ಕೊಳ್ಳುತ್ತೆ.

ಕ್ಲೋರ್‌ಹೆಕ್ಸಿಡಿನ್. ಮೆಡಿಕಲ್ ಅಂಗಡೀಲಿ ಸಿಗುತ್ತೆ. 2% ದ್ರಾವಣ ಆದ್ರೆ 25 ಎಂಎಲ್‌ಗೆ ನೀರು ಸೇರಿಸಿ ಒಂದು ಲೀಟರ್ ಮಾಡಿ. 0.05% ಆಗುತ್ತೆ. ವಾಸನೆ ಕಮ್ಮಿ, ಬ್ಯಾಕ್ಟೀರಿಯಾಗೆ ಒಳ್ಳೇದು. ಆದ್ರೆ ಎಲ್ಲಾ ವೈರಸ್ಸಿಗೂ, ಸ್ಪೋರ್‌ಗಳಿಗೂ ಇದು ಸಾಕಾಗಲ್ಲ.

ಎರಡಕ್ಕೂ ಒಂದೇ ರೂಲ್: ಟೈಮ್ ಕೊಡಬೇಕು. ಸ್ಪ್ರೇ ಮಾಡಿದ ತಕ್ಷಣ ಒರೆಸೋದು ಸೋಂಕು ತೆಗೆಯೋದಲ್ಲ, ಗಾಜು ಒದ್ದೆ ಮಾಡೋದು. ಇನ್ನೊಂದು, ಎರಡು ಪಟ್ಟು ಹಾಕಿದ್ರೆ ಎರಡು ಪಟ್ಟು ಕ್ಲೀನ್ ಆಗಲ್ಲ. ಹಾವಿಗೆ ಎರಡು ಪಟ್ಟು ತೊಂದ್ರೆ ಆಗುತ್ತೆ.

ಈಗ ಜೀವಕ್ಕೆ ಸಂಬಂಧಿಸಿದ್ದು, ದಯವಿಟ್ಟು ಎರಡು ಸಲ ಓದಿ. ಬ್ಲೀಚನ್ನ ಯಾವುದರ ಜೊತೆಗೂ ಬೆರೆಸಬೇಡಿ. ಟಾಯ್ಲೆಟ್ ಕ್ಲೀನರ್, ವಿನೆಗರ್ ಥರದ ಆಸಿಡ್ ಜೊತೆ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ. ಅಮೋನಿಯಾ ಜೊತೆ ಸೇರಿದ್ರೆ ಕ್ಲೋರಮೀನ್. ಬಾಗಿಲು ಹಾಕಿದ ಬಾತ್‌ರೂಮಲ್ಲಿ ಇದನ್ನ ಉಸಿರಾಡಿದ್ರೆ ಆಸ್ಪತ್ರೆ ಸೇರೋದು ನೀವು. ಹಾವಿನ ಉಚ್ಚೆ ಮೇಲೇ ಬ್ಲೀಚ್ ಸುರೀಬೇಡಿ ಅನ್ನೋದಕ್ಕೆ ಇದೂ ಒಂದು ಕಾರಣ. ಮೊದಲು ತೊಳೀರಿ ಅಂತ ಸುಮ್ನೆ ಹೇಳ್ಲಿಲ್ಲ. ಕಿಟಕಿ ತೆಗೀರಿ, ಗ್ಲೌಸ್ ಹಾಕಿ.

ಮರದ ಕೊಂಬೆ, ಮರದ ಗೂಡು ಬ್ಲೀಚನ್ನ ಹೀರ್ಕೊಳ್ಳುತ್ತೆ, ತೊಳೆದ್ರೂ ಪೂರ್ತಿ ಹೋಗಲ್ಲ. ಕಾಯಿಲೆ ಬಂದ ಟ್ಯಾಂಕಿನ ಮರವನ್ನ ಎಸೆಯೋದೇ ಲೇಸು. ಹಾವಿನ ಉಣ್ಣೆ, ಅಂದ್ರೆ ಮೈಟ್ಸ್, ಬಂದಿದ್ರೂ ಅಷ್ಟೇ, ಆ ಸಂದುಗಳಲ್ಲೇ ಮೊಟ್ಟೆ ಇಡೋದು.

ಕ್ರಿಪ್ಟೋಸ್ಪೊರಿಡಿಯಂ ಅನ್ನೋ ಪರಾವಲಂಬಿ ಇದೆ, ಅದು ಬ್ಲೀಚಿಗೂ ಜಗ್ಗಲ್ಲ. ಹಾವು ಪದೇ ಪದೇ ಕಕ್ತಿದ್ರೆ, ಸಣ್ಣಗಾಗ್ತಿದ್ರೆ, ಬಾಯಿ ತೆರೆದು ಉಸಿರಾಡ್ತಿದ್ರೆ, ಮೂಗಲ್ಲಿ ಗುಳ್ಳೆ ಬರ್ತಿದ್ರೆ ಬಾಟಲಿ ಬದಲಾಯಿಸ್ತಾ ಕೂರಬೇಡಿ. ಸರೀಸೃಪ ನೋಡೋ ವೆಟ್ ಹತ್ರ ಹೋಗಿ.

7/9

ಈ ಪೋಸ್ಟ್ ಹುಡುಗರಿಗೆ. ಹೌದು, ಹೆಸರಿಟ್ಟೇ ಹೇಳ್ತಿದ್ದೀನಿ, ಹುಡುಗರಿಗೆ.

ಹಾವು ತಂದದ್ದು ಯಾರು? ನೀವು. ರೀಲಲ್ಲಿ ಇರೋದು ಯಾರು? ನೀವು. ಇಂಟರ್ನಲ್ಸ್ ಬಂದಾಗ, ಟ್ರಿಪ್ ಹೋದಾಗ, "ಮೂಡ್ ಇಲ್ಲ" ಅಂದಾಗ ಆ ಟ್ಯಾಂಕ್ ಕ್ಲೀನ್ ಮಾಡೋದು ಯಾರು?

ಅಮ್ಮ. ಹಾವು ಅಂದ್ರೆ ಎದೆ ಡವಡವ ಅನ್ನೋ ಅಮ್ಮ, ಮಗನ ಆಸೆ ಅಂತ ಸೆರಗಲ್ಲಿ ಮೂಗು ಮುಚ್ಕೊಂಡು, ಕೈಗೆ ಒಂದು ಗ್ಲೌಸೂ ಇಲ್ಲದೆ ತೊಳೀತಾರೆ. ಅವರಿಗೆ ಗೊತ್ತಿರೋದು ಫಿನಾಯಿಲ್, ಅದನ್ನೇ ಹಾಕ್ತಾರೆ. ಅದಕ್ಕೆ ಅವರನ್ನ ಬೈಯ್ಯೋ ಹಕ್ಕು ನಿಮಗಿಲ್ಲ. ಅಮ್ಮ ಮಾಡದ ಮನೇಲಿ ಕೆಲಸದ ಆಂಟಿ. ನೆಲ ಒರೆಸೋಕೆ, ಪಾತ್ರೆಗೆ ಅಂತ ಸಂಬಳ ಮಾತಾಡಿ ಕರೆಸಿದ್ದೀರ. ಹಾವಿನ ಹೇಲು ಎತ್ತೋಕೆ ಎಷ್ಟು ಮಾತಾಡಿದ್ರಿ? ಅವರು ಬೇಡ ಅನ್ನೋ ಹಾಗಿತ್ತಾ?

ಇದು ಬರೀ ಅಸಹ್ಯದ ಪ್ರಶ್ನೆ ಅಲ್ಲ, ಆರೋಗ್ಯದ್ದು. ಪೂರ್ತಿ ಆರೋಗ್ಯವಾಗಿ ಕಾಣೋ ಹಾವಿನ ಹೊಟ್ಟೇಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಲದಲ್ಲಿ ಹೊರಗೆ ಬರುತ್ತೆ. ಟ್ಯಾಂಕಿಗೆ, ಬಟ್ಟಲಿಗೆ, ಹಾವಿನ ಮೈಗೆ, ನಿಮ್ಮ ಕೈಗೆ. ಹಾವಿಗೆ ಏನೂ ಆಗಲ್ಲ, ನಮಗೆ ವಾಂತಿ, ಭೇದಿ, ಜ್ವರ. 5 ವರ್ಷದೊಳಗಿನ ಮಕ್ಕಳಿಗೆ, ಅಜ್ಜ ಅಜ್ಜಿಗೆ, ಬಸುರಿಯರಿಗೆ, ರೋಗನಿರೋಧಕ ಶಕ್ತಿ ಕಮ್ಮಿ ಇರೋರಿಗೆ ಅದು ರಕ್ತಕ್ಕೂ ಸೇರಿ ಪ್ರಾಣಕ್ಕೆ ಬರಬಹುದು. ಇದು ಹೊಸ ವಿಷಯ ಅಲ್ಲ. ಮಕ್ಕಳಿಗೆ ಸಾಲ್ಮೊನೆಲ್ಲಾ ಬರ್ತಿದೆ ಅಂತಾನೇ ಅಮೆರಿಕಾದಲ್ಲಿ 1975ರಲ್ಲಿ 4 ಇಂಚಿಗಿಂತ ಸಣ್ಣ ಚಿಪ್ಪಿನ ಆಮೆಗಳನ್ನ ಮಾರೋದನ್ನೇ ನಿಷೇಧಿಸಿದ್ರು.

ಆದ್ರೆ ನಮ್ಮಲ್ಲಿ ಹಾವಿನ ಬಟ್ಟಲು ತೊಳೆಯೋದೆಲ್ಲಿ? ಅಡುಗೆಮನೆ ಸಿಂಕಲ್ಲಿ. ಅದೇ ಸ್ಕ್ರಬ್ಬರಲ್ಲಿ. ಪಕ್ಕದಲ್ಲೇ ಕೊತ್ತಂಬರಿ ಸೊಪ್ಪು.

ರೂಲ್ ಸಿಂಪಲ್. ಹಾವಿನ ಬ್ರಷ್, ಬಕೆಟ್, ಬಟ್ಟೆ ಬೇರೆ, ಮೇಲೆ ಮಾರ್ಕರಲ್ಲಿ ಬರೆದಿಡಿ. ಅಡುಗೆಮನೆ ಕಡೆ ಸುಳೀಬೇಡಿ. ಕೊಳೆ ನೀರು ಟಾಯ್ಲೆಟ್ಟಿಗೆ. ಬಾತ್‌ರೂಮಲ್ಲಿ ತೊಳೆದ್ರೆ ಆಮೇಲೆ ಆ ಬಾತ್‌ರೂಮನ್ನೂ ನೀವೇ ತೊಳೀರಿ. ಕೈಗೆ ಸೋಪು ಹಾಕಿ 20 ಸೆಕೆಂಡ್. ಮತ್ತೆ, ಇದೆಲ್ಲ ಮಾಡೋದು ನೀವು. ಅಮ್ಮ ಅಲ್ಲ.

8/9

ಡಿಎಂಗೆ ಬಂದ ವಾದಗಳು. ಒಂದೊಂದಾಗಿ.

"ಹಾವಿಗೆ ಅದೆಲ್ಲ ಗೊತ್ತಾಗಲ್ಲ."
ಅದು ಕೂಗಲ್ಲ, ಕುಂಯ್ಗುಡಲ್ಲ, ಮುಖ ಸಪ್ಪೆ ಮಾಡ್ಕೊಳ್ಳಲ್ಲ. ಅದಕ್ಕೇ ನಾಯಿಗೆ ಮಾಡೋಕೆ ಧೈರ್ಯ ಬರದ್ದನ್ನ ಹಾವಿಗೆ ಮಾಡ್ತೀವಿ. ನಿಮ್ಮ ನಾಯಿ ಅದರ ಗಲೀಜಿನ ಮೇಲೆ ಎರಡು ವಾರ ಮಲಗಿರೋ ಫೋಟೋ ಹಾಕಿ ನೋಡಿ, ಕಾಮೆಂಟ್ ಏನ್ ಬರುತ್ತೆ ಅಂತ. ಹಾವು ಮೌನವಾಗಿದೆ ಅಂದ್ರೆ ಒಪ್ಪಿಗೆ ಇದೆ ಅಂತಲ್ಲ.

"ನಾನು ದಿನಾ ಪೂರ್ತಿ ತೊಳೆದು ಬ್ಲೀಚ್ ಹಾಕ್ತೀನಿ, ನನ್ನನ್ನ ಬೈಬೇಡ."
ನಿಮ್ಮನ್ನೂ ಬೈತೀನಿ. ಹಾವಿಗೆ ತನ್ನ ಜಾಗ ಅಂತ ಗುರುತು ಸಿಗೋದು ವಾಸನೆಯಿಂದ. ದಿನಾ ಎಲ್ಲ ಅಳಿಸಿ ಹಾಕಿದ್ರೆ ದಿನಾ ಹೊಸ ಮನೆ. ಬಾಲ್ ಪೈಥಾನ್ ಮೊದಲೇ ಪುಕ್ಕಲು, ಹೆದರಿದ್ರೆ ಉಂಡೆ ಸುತ್ಕೊಳ್ಳುತ್ತೆ, ಅದಕ್ಕೇ ಆ ಹೆಸರು. ಒತ್ತಡ ಜಾಸ್ತಿಯಾದ್ರೆ ಊಟಾನೇ ಬಿಡುತ್ತೆ. ದಿನಾ ಮಾಡಬೇಕಾದ್ದು ಗಲೀಜು ಎತ್ತೋದು, ನೀರು ಬದಲಾಯಿಸೋದು. ಅಷ್ಟೇ. ಜಾಸ್ತಿ ಬ್ಲೀಚ್ ಅಂದ್ರೆ ಜಾಸ್ತಿ ಪ್ರೀತಿ ಅಲ್ಲ.

"ನಂದು ಬಯೋಆಕ್ಟಿವ್ ಟ್ಯಾಂಕ್. ಹುಳಗಳೇ ಕ್ಲೀನ್ ಮಾಡ್ತವೆ."
ಮಣ್ಣು, ಗಿಡ, ಸಣ್ಣ ಹುಳ ಇಟ್ಟು ಸರಿಯಾಗಿ ಕಟ್ಟಿದ ಟ್ಯಾಂಕ್ ಒಳ್ಳೇದೇ. ಆದ್ರೆ ದೊಡ್ಡ ಹಾವಿನ ಮಲದ ಗುಡ್ಡೆಯನ್ನ ಆ ಹುಳ ಒಂದೇ ದಿನದಲ್ಲಿ ಮಾಯ ಮಾಡಲ್ಲ. ದೊಡ್ಡದನ್ನ ನೀವೇ ಎತ್ತಬೇಕು, ನೀರಿನ ಬಟ್ಟಲು ನೀವೇ ತಿಕ್ಕಬೇಕು, ಗಾಜು ನೀವೇ ಒರೆಸಬೇಕು. ಗೊಬ್ಬರದ ಗುಂಡಿಗೆ ನಾಲ್ಕು ಗಿಡ ನೆಟ್ಟು ಬಯೋಆಕ್ಟಿವ್ ಅನ್ನಬೇಡಿ.

"ಹೊಸ ಹಾವು ತಂದೆ, ಹಳೇದರ ಟ್ಯಾಂಕಲ್ಲೇ ಬಿಟ್ಟೆ, ಏನೂ ಆಗಿಲ್ಲ."
ಇನ್ನೂ ಆಗಿಲ್ಲ. ಹೊಸದನ್ನ ಬೇರೆ ರೂಮಲ್ಲಿ, ಪೇಪರ್ ಹಾಸಿದ ಖಾಲಿ ಟ್ಯಾಂಕಲ್ಲಿ, ಕನಿಷ್ಠ ಎರಡು ಮೂರು ತಿಂಗಳು ಇಡಿ. ಬಿಳಿ ಪೇಪರ್ ಮೇಲೆ ಮೈಟ್ಸ್ ಕಪ್ಪು ಚುಕ್ಕೆ ಥರ ಕಾಣುತ್ತೆ, ಮಲ ಹೇಗಿದೆ ಅನ್ನೋದೂ ಕಾಣುತ್ತೆ. ಅದರ ಸಾಮಾನು ಬೇರೆ. ಕ್ಲೀನಿಂಗ್ ಮಾಡುವಾಗ ಹಳೇ ಹಾವಿನದ್ದು ಮೊದಲು, ಹೊಸದರದ್ದು ಕೊನೆಗೆ.

"ಇಷ್ಟೆಲ್ಲ ಹೇಳಿದ್ರೆ ಯಾರೂ ಹಾವೇ ಸಾಕಲ್ಲ."
ಹಾಗೇ ಆಗ್ಲಿ ಬಿಡಿ. ಅದರಿಂದ ಹಾವಿಗೇನೂ ನಷ್ಟ ಇಲ್ಲ.

9/9

ಕೊನೇದು. ನಮ್ಮ ಭಾಷೇಲಿ ಮಾತಾಡೋಣ, ಕಾಮರ್ಸ್ ಭಾಷೇಲಿ.

ಹಾವು ಕೊಳ್ಳೋದು ಒಂದ್ಸಲದ ಖರ್ಚು. ಟ್ಯಾಂಕ್, ಹೀಟ್ ಮ್ಯಾಟ್, ಥರ್ಮೋಸ್ಟಾಟ್ ಕೂಡ ಹಾಗೇ. ಅಷ್ಟನ್ನ ಲೆಕ್ಕ ಹಾಕಿ "ಅಫೋರ್ಡ್ ಮಾಡ್ಬಹುದು" ಅಂತೀರ. ಆದ್ರೆ ಫಸ್ಟ್ ಸೆಮ್ಮಲ್ಲೇ ಓದಿದ್ದೀವಿ, ಬಿಸಿನೆಸ್ ಮುಳುಗೋದು ಯಾವಾಗಲೂ ಕ್ಯಾಪಿಟಲ್ ಇಲ್ಲದೆ ಅಲ್ಲ, ದಿನದಿನದ ಖರ್ಚನ್ನ ಲೆಕ್ಕಕ್ಕೆ ತಗೊಳ್ಳದೆ. ಇಲ್ಲಿ ದಿನದ ಖರ್ಚು ದುಡ್ಡಲ್ಲ, ಸಮಯ. ಬಾಲ್ ಪೈಥಾನ್ ಚೆನ್ನಾಗಿ ನೋಡ್ಕೊಂಡ್ರೆ 20ರಿಂದ 30 ವರ್ಷ ಬದುಕುತ್ತೆ. ನಮಗೀಗ 20. ಅದು ಮುದುಕಾಗೋ ಹೊತ್ತಿಗೆ ನಮಗೆ 45 ದಾಟಿರುತ್ತೆ. ದಿನಕ್ಕೆ ಬರೀ 10 ನಿಮಿಷ ಅಂದ್ರೂ 25 ವರ್ಷಕ್ಕೆ 1,500 ಗಂಟೆ ಮೇಲಾಗುತ್ತೆ. ತಿಂಗಳ 2 ಗಂಟೆ ಕ್ಲೀನಿಂಗ್ ಇನ್ನೊಂದು 600 ಗಂಟೆ. ಡಿಗ್ರಿ ಮುಗಿದು, ಕೆಲಸ ಸಿಕ್ಕಿ, ಪಿಜಿ ಬದಲಾಗಿ, ಮದುವೆಯಾಗಿ, ಊರು ಬದಲಾದ್ರೂ ಆ ಗಂಟೆಗಳು ನಿಮ್ಮ ಅಕೌಂಟಲ್ಲೇ. ಇದನ್ನ ಯಾವ ಅಂಗಡಿ ಬಿಲ್ಲಲ್ಲೂ ಬರೆದಿರಲ್ಲ.

ಬೇಜಾರಾಯ್ತು ಅಂತ ಕೆರೆ ಹತ್ರ ಬಿಟ್ಟು ಬರೋ ಯೋಚನೆ ಇದ್ರೆ ಅದನ್ನೂ ಕೈಬಿಡಿ. ಸಾಕಿದವರು ಬಿಟ್ಟ, ಸಾಕೋ ಜಾಗದಿಂದ ತಪ್ಪಿಸ್ಕೊಂಡ ಬರ್ಮೀಸ್ ಹೆಬ್ಬಾವು ಫ್ಲೋರಿಡಾದ ಎವರ್‌ಗ್ಲೇಡ್ಸಲ್ಲಿ ಏನ್ ಮಾಡಿದೆ ಅಂತ ಹುಡುಕಿ ಓದಿ.

ಹಾವು ತಗೊಳ್ಳಲೇಬೇಕು ಅನ್ನೋರಿಗೆ ಒಂದು ಪರೀಕ್ಷೆ. ಮೊದಲು ಖಾಲಿ ಟ್ಯಾಂಕ್ ತನ್ನಿ. ಹಾವು ಬೇಡ. ಒಳಗೆ ಕೋಕೋಪೀಟ್ ಹಾಸಿ, ನೀರಿನ ಬಟ್ಟಲು ಇಡಿ. 30 ದಿನ, ದಿನಾ ಆ ಬಟ್ಟಲನ್ನ ತಿಕ್ಕಿ ತೊಳೆದು ನೀರು ಬದಲಾಯಿಸಿ. ಬಿಸಿ ಎಷ್ಟು, ತೇವ ಎಷ್ಟು ಅಂತ ಪುಸ್ತಕದಲ್ಲಿ ಬರೀರಿ. 30ನೇ ದಿನ ಎಲ್ಲ ಹೊರಗೆ ತೆಗೆದು, 5ನೇ ಪೋಸ್ಟಲ್ಲಿ ಇರೋ ಹಾಗೆ ಪೂರ್ತಿ ಕ್ಲೀನ್ ಮಾಡಿ. ರೀಲ್ ಹಾಕೋ ಹಾಗಿಲ್ಲ. ಯಾರೂ ಲೈಕ್ ಕೊಡಲ್ಲ. ಅಮ್ಮನ ಸಹಾಯ ಕೇಳೋ ಹಾಗಿಲ್ಲ.

30ಕ್ಕೆ 30 ದಿನ ಮಾಡಿದ್ರಾ? ಆಗ ಹಾವಿನ ಬಗ್ಗೆ ಮಾತಾಡೋಣ, ಪೇಪರ್ ಸಮೇತ. 22ನೇ ದಿನಕ್ಕೆ ಮರೆತ್ರಾ? ಬೇಜಾರೇನಿಲ್ಲ, ಒಳಗೆ ಯಾವ ಜೀವವೂ ಇರಲಿಲ್ಲ. ಆ ಟ್ಯಾಂಕಲ್ಲಿ ಒಂದು ಗಿಡ ನೆಡಿ.

ಈಗಾಗಲೇ ಮನೇಲಿ ಹಾವಿರೋರು ಫೋನ್ ಪಕ್ಕಕ್ಕಿಟ್ಟು ಎದ್ದೇಳಿ. ನೀರಿನ ಬಟ್ಟಲ ಒಳಗೆ ಒಂದ್ಸಲ ಬೆರಳಾಡಿಸಿ ನೋಡಿ. ಜಾರಿದ್ರೆ, ಕಾಮೆಂಟಲ್ಲಿ ನನ್ನನ್ನ ಆಮೇಲೆ ಬೈರಿ. ಮೊದಲು ತೊಳೀರಿ.

#ಹಾವುನಿಮ್ದುಗಲೀಜುಯಾರ್ದು #ಫಿನಾಯಿಲ್‌ಬೇಡ #ಮೊದಲುತೊಳೀರಿ #ಬಾಲ್‌ಪೈಥಾನ್ #ಕನ್ನಡ